ಪಾಯದ ಮೂಲೆ ಕೂಡಿಸುವ ಲೆಕ್ಕ

ಪಾಯದ ಗುರುತು ಹಾಕುವ ದಿನ ನಾನು ಜೊತೆಗಿಟ್ಟುಕೊಳ್ಳುವುದು 100 ಅಡಿಯ ಸ್ಟೀಲ್ ಟೇಪು, ನೈಲಾನ್ ದಾರ, ಗೂಟ, ಮೊಳೆ, ಸುಣ್ಣದ ಪುಡಿ, ವರ್ಗಮೂಲ ತೆಗೆಯುವ ಕ್ಯಾಲ್ಕುಲೇಟರ್. ಬಟ್ಟೆ ಟೇಪು ಎಳೆದರೆ ಹಿಗ್ಗುತ್ತದೆ, ಅದು ಬೇಡವೇ ಬೇಡ.

30×40ರ ಸೈಟಿನಲ್ಲಿ ಎಡಬಲ 3 ಅಡಿ, ಹಿಂದೆ ಮುಂದೆ 4 ಅಡಿ ಬಿಟ್ಟರೆ ಮನೆಯ ಹೊರ ಅಳತೆ 24×32. ನಾಲ್ಕೂ ಮೂಲೆ 90 ಡಿಗ್ರಿ ಇದ್ದರೆ ಇದರ ಕರ್ಣ, ಅಂದರೆ ಮೂಲೆಯಿಂದ ಎದುರು ಮೂಲೆಗೆ ಇರುವ ಅಳತೆ, ಸರಿಯಾಗಿ 40 ಅಡಿ. 3-4-5 ಎಂಬ ಶಾಲೆಯ ಲೆಕ್ಕವನ್ನೇ ಎಂಟರಿಂದ ಗುಣಿಸಿದ್ದು. ಪ್ರಾಚೀನ ಗ್ರಂಥವಾದ ಬೌಧಾಯನರ ಶುಲ್ಬಸೂತ್ರದಲ್ಲೂ ಕರ್ಣದ ಈ ನಿಯಮವಿದೆ. ಶುಲ್ಬ ಎಂದರೆ ಹಗ್ಗ, ಆಗಲೂ ಇದು ನೆಲದ ಮೇಲೆ ಅಳೆಯುವವರ ಲೆಕ್ಕವೇ.

ಮೊದಲು ಮುಂದಿನ 24 ಅಡಿಯ ದಾರ ಬಿಗಿದು ಎರಡೂ ತುದಿಗೆ ಮೊಳೆ ಹೊಡೆಯುತ್ತೇನೆ. ಎಡ ಮೊಳೆಯಿಂದ 32 ಅಡಿ, ಬಲ ಮೊಳೆಯಿಂದ 40 ಅಡಿ ಹಿಡಿದಾಗ ಎರಡು ಟೇಪು ಕೂಡುವ ಜಾಗವೇ ಹಿಂದಿನ ಎಡ ಮೂಲೆ. ಬಲ ಮೂಲೆಗೂ ಹೀಗೆಯೇ. ಕೊನೆಗೆ ಹಿಂದಿನ ಬದಿ 24 ಬರಲೇಬೇಕು.

ಹಲವರು ನಾಲ್ಕು ಬದಿ ಅಳೆದು ಸುಮ್ಮನಾಗುತ್ತಾರೆ. ಅಷ್ಟು ಸಾಲದು. ಖಾಲಿ ಬೆಂಕಿಪೊಟ್ಟಣದ ಹೊರಕವಚವನ್ನು ಒತ್ತಿ ನೋಡಿ: ಅದು ವಾಲುತ್ತದೆ, ಬದಿಗಳ ಅಳತೆ ಮಾತ್ರ ಹಾಗೆಯೇ ಇರುತ್ತದೆ. ಮೂಲೆ ನೋಡುವ ಎಲ್ ಆಕಾರದ ಮೂಲೆಮಟ್ಟವೊಂದನ್ನೇ ನಂಬಿದರೂ ಇದೇ ಅಪಾಯ. 2 ಅಡಿಯ ತೋಳಿನಲ್ಲಿ ಅರ್ಧಪಾವು ಇಂಚು, ಅಂದರೆ ಎಂಟನೇ ಒಂದು ಭಾಗ ತಪ್ಪಿದರೆ 32 ಅಡಿ ಹೋಗುವಷ್ಟರಲ್ಲಿ ಅದು 2 ಇಂಚು.

ಎರಡು ಕರ್ಣಗಳಲ್ಲಿ ವ್ಯತ್ಯಾಸ ಬಂದರೆ ಅಂದಾಜಿನ ಮೇಲೆ ಗೂಟ ಅಲ್ಲಾಡಿಸಬೇಡಿ. ಎದುರುಬದುರು ಬದಿಗಳು ಸಮನಾಗಿದ್ದರೆ 24×32ಕ್ಕೆ ಸರಳ ಸೂತ್ರವಿದೆ: ವ್ಯತ್ಯಾಸದ ಆರರಲ್ಲಿ ಐದು ಪಾಲು. 6 ಇಂಚು ವ್ಯತ್ಯಾಸವಿದ್ದರೆ ಹಿಂದಿನ ಎರಡೂ ಗೂಟಗಳನ್ನು, ಉದ್ದದ ಕರ್ಣ ಗಿಡ್ಡವಾಗುವ ಕಡೆಗೆ, ಒಟ್ಟಿಗೆ, ತಲಾ 5 ಇಂಚು ಸರಿಸಬೇಕು. ಬಿಟ್ಟುಬಿಟ್ಟರೆ 12 ಅಡಿಯ ಕೋಣೆಯಲ್ಲೇ ಸುಮಾರು 2 ಇಂಚು ಸೊಟ್ಟ. ಅದು ಕಣ್ಣಿಗೆ ಬೀಳುವುದು ಟೈಲ್ಸ್ ಹಾಕುವಾಗ, ಗೋಡೆಯ ಬುಡದಲ್ಲಿ ಚೂಪಾಗುತ್ತಾ ಹೋಗುವ ತುಂಡುಗಳಾಗಿ. ಆಗ ಮಾಡಲು ಏನೂ ಉಳಿದಿರುವುದಿಲ್ಲ.

ಬೇರೆ ಅಳತೆಯ ಮನೆಗಾದರೆ ಎರಡು ಬದಿಗಳ ವರ್ಗ ಕೂಡಿಸಿ ವರ್ಗಮೂಲ ತೆಗೆಯಬೇಕು. 26×34ಕ್ಕೆ ಬರುವುದು 42.80. ತಪ್ಪು ಹೆಚ್ಚಾಗಿ ನುಸುಳುವುದು ಇಲ್ಲಿಯೇ: .80 ಎಂದರೆ 8 ಇಂಚಲ್ಲ. 12ರಿಂದ ಗುಣಿಸಿದರೆ 9.6, ಅಂದರೆ 42 ಅಡಿ 9 ಇಂಚಿನ ಮೇಲೆ ಅರ್ಧಕ್ಕಿಂತ ತುಸು ಹೆಚ್ಚು.

ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ಹಾಸಬಾರದು. 40 ಅಡಿಗೆ 3 ಅಡಿ ಇಳಿತವಿದ್ದರೆ ಒಂದೂಕಾಲು ಇಂಚಿಗಿಂತ ಹೆಚ್ಚು ಕಳೆದುಹೋಗುತ್ತದೆ. ಟೇಪು ಮಟ್ಟವಾಗಿ ಹಿಡಿದು, ತೂಕದ ಗುಂಡಿನಿಂದ ಕೆಳಗೆ ಗುರುತು ಇಳಿಸುತ್ತೇನೆ.

ಅಗೆಯುವಾಗ ಮೂಲೆಯ ಗೂಟಗಳು ಕಿತ್ತುಹೋಗುತ್ತವೆ. ಅದಕ್ಕೇ ದಾರದ ಎರಡೂ ತುದಿಯನ್ನು ಕಂದಕದಿಂದ ಮೂರಡಿ ಆಚೆ ಇನ್ನೊಂದು ಗೂಟಕ್ಕೆ ಕಟ್ಟಿರುತ್ತೇನೆ. ಅಗೆತ ಮುಗಿದ ಮೇಲೆ, ಮೊದಲ ಕಲ್ಲು ಕೂರಿಸುವ ಮುಂಚೆ, ಆ ದಾರಗಳನ್ನು ಮತ್ತೆ ಬಿಗಿದು ಎರಡೂ ಕರ್ಣ ಅಳೆಯುತ್ತೇನೆ.