ರಂಜಾನಿನ ಅಡುಗೆ: ಕೈಕೆಲಸ ಮೊದಲು, ಒಲೆಯ ಕೆಲಸ ಹೊತ್ತಿಗೆ

ಚಂದ್ರಮಾನದ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ರಂಜಾನ್ ತಿಂಗಳು ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಿದ್ದರೂ, ರಾಯಚೂರಿನಲ್ಲಿ ಬಿಸಿಲು ಫೆಬ್ರುವರಿ ಕೊನೆಗೇ ಚುರುಕಾಗುವುದರಿಂದ ಇಲ್ಲಿಯ ಅಡುಗೆಮನೆಗೆ ಅದರಿಂದ ದೊಡ್ಡ ಬಿಡುವು ಸಿಕ್ಕಿಲ್ಲ. ಮಾರ್ಚ್ ತಿಂಗಳಲ್ಲಿ ಇಲ್ಲಿ ಹೊತ್ತು ಮುಳುಗುವುದು ಸಂಜೆ 6.30ರ ಸುಮಾರಿಗೆ. ರೋಜಾ (ಉಪವಾಸ) ಹಿಡಿದವರು ಇಳಿಹೊತ್ತಿನ ಅಸರ್ ನಮಾಜ್ ಮುಗಿಸಿ ಒಲೆ ಹಚ್ಚಿದರೆ, ಹೊತ್ತು ಮುಳುಗಿ ಉಪವಾಸ ಬಿಡುವ ಮಗ್ರಿಬ್ ಅಜಾನಿನವರೆಗೆ ಉಳಿಯುವ ಸಮಯ ಕಡಿಮೆ, ಮೈಯಲ್ಲಿ ಉಳಿದಿರುವ ಕಸುವು ಅದಕ್ಕಿಂತಲೂ ಕಡಿಮೆ. ಹಾಗೆಂದು ಬೇಯಿಸಿದ್ದನ್ನೆಲ್ಲ ಫ್ರಿಜ್ಜಿನಲ್ಲಿ ತುಂಬಿಟ್ಟು ದಿನವೂ ಬಿಸಿ ಮಾಡಿ ಬಡಿಸುವುದು ನನಗೆ ಒಪ್ಪಿಗೆಯಿಲ್ಲ. ರುಬ್ಬುವುದು, ಹೆಚ್ಚುವುದು, ನೆನೆಸುವುದು, ಮಡಚುವುದು ಮುಂತಾದ ಕೈಕೆಲಸವನ್ನು ಮೊದಲೇ ಮುಗಿಸಿ, ಕರಿಯುವ, ಒಗ್ಗರಣೆ ಹಾಕುವ ಕೆಲಸವನ್ನಷ್ಟೇ ಆ ಹೊತ್ತಿಗೆ ಉಳಿಸಿಕೊಳ್ಳುವುದು ಲೇಸು.

ರಂಜಾನಿಗೆ ಮುಂಚಿನ ಶಾಬಾನ್ ತಿಂಗಳ ಕೊನೆಯ ವಾರವೇ ಇದಕ್ಕೆ ತಕ್ಕ ಕಾಲ. ಶುಂಠಿ-ಬೆಳ್ಳುಳ್ಳಿಯನ್ನು ನೀರು ತಾಗಿಸದೆ, ಸ್ವಲ್ಪ ಉಪ್ಪು ಮತ್ತು ಎಣ್ಣೆ ಸೇರಿಸಿ ನುಣ್ಣಗೆ ರುಬ್ಬಿ, ಒಂದು ವಾರಕ್ಕೆ ಸಾಕಾಗುವಷ್ಟನ್ನು ಮಾತ್ರ ಫ್ರಿಜ್ಜಿನಲ್ಲಿಟ್ಟು, ಉಳಿದದ್ದನ್ನು ಐಸ್ ತಟ್ಟೆಯಲ್ಲಿ ಹಾಕಿ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿಡಬೇಕು. ಇದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಹೊರಗಿಡಬಾರದು, ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿ ಹೊರಗಿನ ಶಾಖಕ್ಕೆ ವಿಷವಾಗುವ ಸಾಧ್ಯತೆ ಇದೆ. ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ ಕೆಂಪಗೆ ಕರಿದು, ಕಾಗದದ ಮೇಲೆ ಹರವಿ ಪೂರ್ತಿ ಆರಿದ ನಂತರ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿದರೆ ಎರಡು ವಾರ ಗರಿಗರಿಯಾಗಿ ಉಳಿಯುತ್ತದೆ. ಹುಣಸೆಹಣ್ಣಿನ ರಸವನ್ನು ಉಪ್ಪು ಹಾಕಿ ಕುದಿಸಿ ಗಟ್ಟಿ ಮಾಡಿಟ್ಟರೆ ಸಹರಿಯ (ನಸುಕಿನ ಊಟದ) ಖಿಚಡಿಗೆ ಬೇಕಾದ ಖಟ್ಟಾ (ಹುಣಸೆಯ ಹುಳಿಸಾರು) ನಾಲ್ಕು ನಿಮಿಷದ ಕೆಲಸವಾಗುತ್ತದೆ. ಅದಕ್ಕೆ ಹಾಕುವ ಹುರಿದ ಎಳ್ಳು ಮತ್ತು ಶೇಂಗಾವನ್ನೂ ಪುಡಿ ಮಾಡಿಟ್ಟಿರಿ, ಆದರೆ ಹಸಿ ಈರುಳ್ಳಿ ಮತ್ತು ಕೊತ್ತಂಬರಿಯನ್ನು ಬಡಿಸುವಾಗಲೇ ಹಾಕಿರಿ.

ಸಮೋಸದ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ಖೀಮಾವನ್ನು (ಕೊಚ್ಚಿದ ಮಾಂಸವನ್ನು) ಶುಂಠಿ-ಬೆಳ್ಳುಳ್ಳಿಯೊಂದಿಗೆ ಬೇಯಿಸುವಾಗ ಬಾಣಲೆಯ ತಳದಲ್ಲಿ ನೀರಿನ ಸದ್ದು ನಿಂತು ಎಣ್ಣೆಯ ಸದ್ದು ಕೇಳುವವರೆಗೆ ಕೈಯಾಡಿಸಬೇಕು, ಆಮೇಲೆ ಅಗಲವಾದ ತಟ್ಟೆಯಲ್ಲಿ ಹರವಿ ಪೂರ್ತಿ ತಣಿಸಬೇಕು. ಬೆಚ್ಚಗಿರುವಾಗಲೇ ತುಂಬಿದರೆ ಪಟ್ಟಿ (ಸಮೋಸದ ತೆಳು ಹಾಳೆ) ಬೆವತು, ಕರಿಯುವಾಗ ಬಾಯಿ ಬಿಡುತ್ತದೆ. ನಮ್ಮ ಊರಿನ ಒಣ ಗಾಳಿಗೆ ಪಟ್ಟಿಗಳು ಐದೇ ನಿಮಿಷದಲ್ಲಿ ಸೆಟೆದುಕೊಳ್ಳುವುದರಿಂದ, ಮಡಚುವಷ್ಟೂ ಹೊತ್ತು ಅವನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿಟ್ಟು ಒಂದೊಂದಾಗಿ ತೆಗೆಯಬೇಕು. ಅಂಚಿಗೆ ಮೈದಾ ಅಂಟು ಸವರಿ ಮೂರು ಮೂಲೆಯನ್ನೂ ಒತ್ತಿ, ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ಜೋಡಿಸಿ ಫ್ರೀಜರಿನಲ್ಲಿಟ್ಟು, ಕಲ್ಲಿನಂತೆ ಗಟ್ಟಿಯಾದ ಮೇಲೆ ಚೀಲಕ್ಕೆ ಸುರಿದು, ತುಂಬಿದ ತಾರೀಖನ್ನು ಅದರ ಮೇಲೆ ಬರೆದಿಡಬೇಕು. ಕರಿಯುವ ದಿನ ಅವನ್ನು ಹೊರಗಿಟ್ಟು ಕರಗಿಸುವ ಅಗತ್ಯವಿಲ್ಲ. ಎಣ್ಣೆಯನ್ನು ಮಧ್ಯಮ ಉರಿಯಲ್ಲಿಟ್ಟು, ಒಮ್ಮೆಗೆ ನಾಲ್ಕೈದನ್ನು ಮಾತ್ರ ಹಾಗೆಯೇ ಬಿಟ್ಟರೆ ಒಳಗೂ ಬಿಸಿಯಾಗಿ ಹೊರಗೂ ಕೆಂಪಾಗುತ್ತವೆ. ಹಸಿ ಈರುಳ್ಳಿ-ಅವಲಕ್ಕಿ ತುಂಬಿದ ಸಮೋಸ ಮಾತ್ರ ಈ ಲೆಕ್ಕಕ್ಕೆ ಸೇರದು. ಈರುಳ್ಳಿ ನೀರು ಬಿಡುವುದರಿಂದ ಅದನ್ನು ಆ ದಿನವೇ ಮಾಡಬೇಕು, ಇಲ್ಲವೆ ಊರಿನ ತೀನ್ ಕಂದೀಲ್ ವೃತ್ತದ ಕಡೆಗೆ ಹೋದವರಿಂದ ತರಿಸಿಕೊಳ್ಳಬೇಕು.

ರೋಜಾ ಇದ್ದವರು ಅಡುಗೆಯನ್ನು ನುಂಗಿ ರುಚಿ ನೋಡಲಾಗುವುದಿಲ್ಲ ಎಂಬುದೇ ಈ ತಿಂಗಳಲ್ಲಿ ಎಲ್ಲಕ್ಕಿಂತ ದೊಡ್ಡ ತೊಡಕು. ಮನೆಯಲ್ಲಿ ರೋಜಾ ಇಲ್ಲದ ಮಕ್ಕಳೋ ವಯಸ್ಸಾದವರೋ ಇದ್ದರೆ ಅವರ ನಾಲಿಗೆಯೇ ಆಸರೆ, ಇಲ್ಲದಿದ್ದರೆ ಅಳತೆಯೇ ಗತಿ. ಉಪ್ಪಿನ ಡಬ್ಬಿಯಲ್ಲಿ ಒಂದೇ ಚಹಾ ಚಮಚವನ್ನು ತಿಂಗಳಿಡೀ ಇಟ್ಟುಕೊಂಡು, ಅಂಚಿಗೆ ಸಮವಾಗಿ ಗೀಚಿ ಹಾಕುವ ಅಭ್ಯಾಸ ಮಾಡಿಕೊಳ್ಳಿರಿ. ಕಾಲು ಕಿಲೋ ಉದ್ದಿನಬೇಳೆಯ ವಡೆ ಹಿಟ್ಟಿಗೆ ಅಂಥ ಒಂದು ಚಮಚ, ಒಂದು ಲೀಟರ್ ಗಂಜಿಗೋ ಹಲೀಮಿಗೋ ಒಂದೂವರೆ ಚಮಚ ಸಾಕು. ಶುಂಠಿ-ಬೆಳ್ಳುಳ್ಳಿಯಲ್ಲೂ ಹುಣಸೆ ರಸದಲ್ಲೂ ಉಪ್ಪು ಮೊದಲೇ ಇರುವುದನ್ನು ಮರೆಯದೆ ಅಷ್ಟನ್ನು ಕಳೆದು ಹಾಕಬೇಕು. ಅನುಮಾನವಾದರೆ ಕಡಿಮೆ ಹಾಕಿ, ಊಟಕ್ಕೆ ಹಾಸುವ ದಸ್ತರ್‌ಖಾನಿನ ಮೇಲೆ ಉಪ್ಪಿನ ಬಟ್ಟಲನ್ನೂ ನಿಂಬೆ ಹೋಳನ್ನೂ ಇಟ್ಟರಾಯಿತು, ಯಾರೂ ಬೇಸರ ಪಡುವುದಿಲ್ಲ.

ದಹಿ ವಡೆಗೆ ಬೆಳಿಗ್ಗೆ ರುಬ್ಬಿದ ಹಿಟ್ಟನ್ನು ಸಂಜೆಯವರೆಗೆ ಹೊರಗಿಟ್ಟರೆ ಈ ಸೆಕೆಗೆ ಹುಳಿ ಬಂದೀತು. ಅದಕ್ಕಿಂತ ವಡೆಗಳನ್ನು ಕರಿದು ತಣಿಸಿ ಫ್ರಿಜ್ಜಿನಲ್ಲಿಟ್ಟುಕೊಂಡು ಎರಡು ಮೂರು ದಿನ ಬಳಸಬಹುದು. ಬಡಿಸುವ ಅರ್ಧ ಗಂಟೆ ಮೊದಲು ಉಪ್ಪು ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಎರಡು ಅಂಗೈ ನಡುವೆ ಮೆಲ್ಲಗೆ ಒತ್ತಿ ಮೊಸರಿಗೆ ಬಿಡಬೇಕು. ಕಾಬೂಲಿ ಕಡಲೆಯನ್ನು ರಾತ್ರಿ ನೆನೆಸಿ, ಒಮ್ಮೆಗೆ ಒಂದು ಕಿಲೋ ಬೇಯಿಸಿ, ನೀರು ಬಸಿದು ಪಾಲು ಮಾಡಿ ಫ್ರೀಜರಿನಲ್ಲಿಡಬಹುದು. ಹಲೀಮಿನ ಗೋಧಿ, ಬೇಳೆ ಮತ್ತು ಮಾಂಸವನ್ನು ಬೇಯಿಸಿ ಮಸೆದು ಇಟ್ಟುಕೊಂಡರೆ, ಬೇಕಾದ ದಿನ ಬಿಸಿನೀರು ಬೆರೆಸಿ, ನಡುವೆಯೂ ಗುಳ್ಳೆ ಏಳುವಂತೆ ಕುದಿಸಿ, ತುಪ್ಪ, ಪುದೀನ, ಕರಿದ ಈರುಳ್ಳಿಯನ್ನು ಆಗ ಹಾಕಿಕೊಳ್ಳಬಹುದು. ಬೇಯಿಸಿದ ಯಾವುದನ್ನೂ ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬಾರದು. ಅನ್ನಕ್ಕಂತೂ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ.

ಹಣ್ಣುಗಳನ್ನು ಮಧ್ಯಾಹ್ನವೇ ಹೆಚ್ಚಿಡುವುದು ಬೇಡ. ಕಲ್ಲಂಗಡಿ ಮತ್ತು ಪರಂಗಿಯನ್ನು ಇಡಿಯಾಗಿ ತಣ್ಣಗಿರಿಸಿ, ಕೊನೆಯ ಕಾಲು ಗಂಟೆಯಲ್ಲಿ ಕೊಯ್ದರೆ ಸಾಕು. ಶರಬತ್ತಿಗೆ ಸಕ್ಕರೆ ಪಾಕ ಸಿದ್ಧವಿರಲಿ, ಕಾಮಕಸ್ತೂರಿ ಬೀಜ ಇಪ್ಪತ್ತು ನಿಮಿಷ ನೆನೆದರೆ ಅರಳುತ್ತದೆ. ಖರ್ಜೂರದ ನಂತರ ನೇರವಾಗಿ ಕರಿದದ್ದಕ್ಕೆ ಕೈ ಹಾಕುವ ಬದಲು ಒಂದು ಲೋಟ ಜೋಳದ ಅಂಬಲಿ ಮಜ್ಜಿಗೆ ಕುಡಿದು ನೋಡಿರಿ; ನಮ್ಮ ಸೀಮೆಯ ಹೊಟ್ಟೆಗೆ ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಸಹರಿಗೂ ಅಷ್ಟೆ: ಮೊದಲೇ ಬಡಿದಿಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮತ್ತು ಮೊಸರು ಇದ್ದರೆ ರಾತ್ರಿಯ ತರಾವೀಹ್ ನಮಾಜ್ ಮುಗಿಸಿ ತಡವಾಗಿ ಮಲಗಿದವರೂ ಒಲೆ ಹಚ್ಚಬೇಕಾಗಿಲ್ಲ.

ಕರೆಂಟು ಹೋಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ತುಂಬಿದ ಫ್ರೀಜರಿನ ಬಾಗಿಲು ತೆರೆಯದಿದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ತಂಪು ಉಳಿಯುತ್ತದೆ. ಸಣ್ಣ ಫ್ರಿಜ್ಜಿನ ಐಸ್ ಗೂಡಿನಲ್ಲಿ ಅಷ್ಟು ನಿಲ್ಲದು. ಖಾಲಿ ಜಾಗದಲ್ಲಿ ನೀರಿನ ಬಾಟಲಿಗಳನ್ನಿಡಿರಿ. ಊರಿಗೆ ಹೋಗಿ ಬರುವುದಾದರೆ ಒಂದು ಲೋಟ ನೀರನ್ನು ಗಟ್ಟಿ ಮಾಡಿ ಅದರ ಮೇಲೆ ರೂಪಾಯಿ ನಾಣ್ಯವನ್ನಿಟ್ಟು ಹೋಗಿರಿ. ಬಂದಾಗ ನಾಣ್ಯ ತಳ ಸೇರಿದ್ದರೆ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ಅರ್ಥ, ಆಗ ಖೀಮಾದ ಸಮೋಸಗಳನ್ನು ಮುಲಾಜಿಲ್ಲದೆ ಎಸೆಯಬೇಕು.

ಕೊನೆಯ ಹತ್ತು ದಿನಗಳಲ್ಲಿ ಹೊಸದೇನನ್ನೂ ತುಂಬದೆ ಇದ್ದದ್ದನ್ನು ಖಾಲಿ ಮಾಡುತ್ತ ಬಂದರೆ ಹಬ್ಬದ ಮಾಂಸಕ್ಕೂ ಹಾಲಿಗೂ ಜಾಗವಾಗುತ್ತದೆ. ಹಬ್ಬದ ಹಾಲು-ಶಾವಿಗೆ ಪಾಯಸವಾದ ಶೀರ್ ಖುರ್ಮಾಕ್ಕೆ ಬೇಕಾದ ಬಾದಾಮಿ, ಪಿಸ್ತಾ ಮತ್ತು ಒಣ ಖರ್ಜೂರವನ್ನು ನೆನೆಸಿ ಸೀಳಿದ ಮೇಲೆ ತೇವ ಪೂರ್ತಿ ಆರುವಂತೆ ಬಟ್ಟೆಯ ಮೇಲೆ ಹರವಿ, ಆಮೇಲೆ ತುಪ್ಪದಲ್ಲಿ ಹುರಿದು ಡಬ್ಬಿಗೆ ಹಾಕಿಡಿರಿ. ಶಾವಿಗೆಯನ್ನು ಬೇರೆಯಾಗಿ ಹುರಿದಿಡಬೇಕು, ಹಾಲನ್ನು ಹಬ್ಬದ ಬೆಳಿಗ್ಗೆಯೇ ಕಾಯಿಸಬೇಕು.