ತಲಪಾಡಿ ದಾಟಿದ ಮೇಲೆ ಬಾಯಿ ಬಿಟ್ಟರು: ರೋಬೋಟ್ ಚಿತ್ರದ ಅಭಿಮಾನಿಗಳನ್ನು ಮಾತನಾಡಿಸಿದ ನನ್ನ ಅನುಭವ

ನನ್ನ ಯೂಟ್ಯೂಬ್ ವೀಡಿಯೊಗಳಿಗಾಗಿ ಚಿತ್ರಮಂದಿರದ ಬಾಗಿಲಲ್ಲಿ ಮೈಕ್ ಹಿಡಿದು ‘ಸಿನಿಮಾ ಹೇಗಿತ್ತು’ ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ. ಕೇಳುವಂಥ ಪ್ರತಿಕ್ರಿಯೆ ಸಿಕ್ಕಿದ್ದು ಅದನ್ನು ಬಿಟ್ಟ ಮೇಲೆಯೇ. ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಇದೇ ಕೆಲಸ ಮಾಡುವ ಗೆಳೆಯರು ಇದು ಆಗುವ ಮಾತಲ್ಲ ಎಂದಿದ್ದರು. “ಇಂಗ್ಲಿಷ್ ಕಾರ್ಟೂನು, ಅದರಲ್ಲೂ ರೋಬೋಟು. ಅದಕ್ಕೆ ಕಾಸರಗೋಡಿನವರು ಏನು ಹೇಳುತ್ತಾರೆಂದು ಯಾರು ಕೇಳುತ್ತಾರೆ? ದೊಡ್ಡ ನಾಯಕನ ಚಿತ್ರ ಬಂದಾಗ ಹೋಗು, ನಾಲ್ಕು ಕಾಸು ಸಿಗುತ್ತದೆ” ಎಂದು ಬುದ್ಧಿ ಹೇಳಿದ್ದರು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದಿರಿ ಎಂದು ವಿಚಾರಿಸುತ್ತಾರೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವ ಬದಲು ಒಮ್ಮೆಗೇ ಬರೆಯುತ್ತಿದ್ದೇನೆ.

ಚಿತ್ರ ‘ಟ್ರಾನ್ಸ್‌ಫಾರ್ಮರ್ಸ್ ವನ್’. ಜಾಶ್ ಕೂಲಿ ನಿರ್ದೇಶನ, ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯ ಆನಿಮೇಷನ್. ಆಪ್ಟಿಮಸ್ ಪ್ರೈಮ್ ಮತ್ತು ಮೆಗಾಟ್ರಾನ್ ಎಂಬ ರೋಬೋಟುಗಳು ಹಾವು ಮುಂಗುಸಿಗಳಾಗುವ ಮೊದಲು ಕ್ರಮವಾಗಿ ಓರಿಯನ್ ಪ್ಯಾಕ್ಸ್ ಮತ್ತು ಡಿ-16 ಎಂಬ ಹೆಸರಿನ ಗಣಿ ಕೂಲಿಗಳಾಗಿದ್ದರು, ಜೀವದ ಗೆಳೆಯರಾಗಿದ್ದರು ಎಂಬಷ್ಟು ತಿಳಿದಿದ್ದರೆ ಮುಂದಿನದು ಅರ್ಥವಾಗುತ್ತದೆ.

ಮೊದಲು ಬಾಗಿಲಿನ ಕಥೆ. ಹಿಂದಿನ ಚಿತ್ರಗಳಿಗೆ ಮಂಗಳೂರಿನ ಮಾಲೊಂದರಲ್ಲಿ ನಿಂತು ಸಾಕಷ್ಟು ಸಲ ಪ್ರಯತ್ನಿಸಿದ್ದೇನೆ. ಜನ ಹೊರಗೆ ಬರುವ ಹೊತ್ತಿಗೆ ಒಬ್ಬರಿಗೆ ಪಾರ್ಕಿಂಗ್ ಚೀಟಿಯ ಚಿಂತೆ, ಇನ್ನೊಬ್ಬರಿಗೆ ಶೌಚಾಲಯದ ಅವಸರ. ‘ಸೂಪರ್’, ‘ಒಂದು ಸಲ ನೋಡಬಹುದು’, ‘ಫ್ಯಾಮಿಲಿ ಜೊತೆ ನೋಡಬಹುದು’ ಎಂಬ ಮೂರು ವಾಕ್ಯಗಳ ಆಚೆಗೆ ಯಾರೂ ಹೋಗುವುದಿಲ್ಲ. ಮಕ್ಕಳಂತೂ ಅಪ್ಪನ ಮುಖ ನೋಡಿ, ಅಪ್ಪ ತಲೆಯಾಡಿಸಿದ ಮೇಲೆ ‘ಇಷ್ಟ ಆಯಿತು’ ಎನ್ನುತ್ತಾರೆ. ನಲವತ್ತು ಮಂದಿಯನ್ನು ಮಾತನಾಡಿಸಿದರೆ ಬಳಸಬಹುದಾದದ್ದು ಎರಡು ಮೂರು ನಿಮಿಷ. ಒಂದು ಸಲ ಮಾಲಿನ ಧ್ವನಿವರ್ಧಕದಲ್ಲಿ ಹಿಂದಿನಿಂದ ಕೇಳಿಬಂದ ಹಿಂದಿ ಹಾಡಿನಿಂದಾಗಿ ಇಡೀ ವೀಡಿಯೊದ ಮೇಲೆ ಹಕ್ಕುಸ್ವಾಮ್ಯದ ದೂರು ಬಿತ್ತು, ಬಂದ ಹಣವೆಲ್ಲ ಹಾಡಿನ ಕಂಪನಿಯ ಪಾಲಾಯಿತು. ಇನ್ನೊಂದು ಸಲ ಕಾವಲುಗಾರ ಬಂದು ಅನುಮತಿ ಪತ್ರ ಕೇಳಿದ. ಆ ವರ್ಷ ಪೆಟ್ರೋಲ್, ಟಿಕೆಟ್, ಊಟ ಎಲ್ಲ ಸೇರಿ ಹದಿನೈದು ಹದಿನಾರು ಸಾವಿರ ಹೋಗಿರಬೇಕು. ಬಂದದ್ದು ಅದರ ಕಾಲು ಭಾಗವೂ ಅಲ್ಲ.

ಅದೇ ಜನರ ಜೊತೆ ರಾತ್ರಿ ಬಸ್ಸಿನಲ್ಲಿ ಹಿಂದಿರುಗುವಾಗ ನಾನು ಗಮನಿಸಿದ ಸಂಗತಿಯೊಂದಿದೆ. ಪಂಪ್‌ವೆಲ್ ದಾಟುವವರೆಗೆ ಎಲ್ಲರೂ ಮೊಬೈಲ್ ನೋಡುತ್ತಾರೆ. ನೇತ್ರಾವತಿ ಸೇತುವೆ, ತೊಕ್ಕೊಟ್ಟು ಕಳೆಯುವಾಗ ಯಾರೋ ಒಬ್ಬರು ಬಾಯಿ ತೆರೆಯುತ್ತಾರೆ. ತಲಪಾಡಿ ಟೋಲ್ ದಾಟಿ ಕೇರಳದೊಳಗೆ ಬಂದರೆಂದರೆ ಬಸ್ಸಿಗೆ ಬಸ್ಸೇ ವಾದಕ್ಕಿಳಿದಿರುತ್ತದೆ. ಚಿತ್ರದ ನಿಜವಾದ ಪ್ರತಿಕ್ರಿಯೆ ಬಾಗಿಲಲ್ಲಿ ಇರುವುದಿಲ್ಲ, ಅದು ಮುಕ್ಕಾಲು ಗಂಟೆ ತಡವಾಗಿ ಬರುತ್ತದೆ. ಗೆಳೆಯರು ಒಪ್ಪದಿದ್ದದ್ದು ಇದನ್ನೇ. ಬಿಸಿಬಿಸಿಯಾಗಿ ಹಿಡಿಯಬೇಕು ಎನ್ನುವುದು ಅವರ ಪಾಠ.

ಹಾಗಾಗಿ ಈ ಸಲ ಬದಿಯಡ್ಕದಿಂದ ಒಂದು ಟೆಂಪೊ ಟ್ರಾವೆಲರ್ ಮಾಡಿದೆ. ಹೋಗಿ ಬರಲು ಐದೂವರೆ ಸಾವಿರದ ಹತ್ತಿರ. ಹದಿನೆಂಟು ಜನ. ಅರ್ಧದಷ್ಟು ಶಾಲೆಯ ಮಕ್ಕಳು, ಉಳಿದವರು ಮೂವತ್ತು ನಲವತ್ತರ ಪ್ರಾಯದ ಹಳೆಯ ಅಭಿಮಾನಿಗಳು, 2007ರ ಚಿತ್ರದಿಂದ ಈ ರೋಬೋಟುಗಳ ಬೆನ್ನು ಹತ್ತಿದವರು. ವಾರದ ನಡುವಿನ ರಜಾದಿನದ ಬೆಳಗಿನ ಆಟವಾದ್ದರಿಂದ ಟಿಕೆಟ್ ತಲಾ ನೂರೈವತ್ತರ ಆಸುಪಾಸಿನಲ್ಲಿ ಸಿಕ್ಕಿತು. ದೊಡ್ಡವರಿಂದ ಮುನ್ನೂರು, ಮಕ್ಕಳಿಂದ ಅದರ ಅರ್ಧ ತೆಗೆದುಕೊಂಡೆ. ಉಳಿದದ್ದು ನನ್ನ ಕೈಯಿಂದ, ತಿಂಡಿ ಸೇರಿ ಸುಮಾರು ಆರು ಸಾವಿರ. ಮಕ್ಕಳ ಹೆತ್ತವರಿಂದ ಮೊದಲೇ ಬರಹದಲ್ಲಿ ಒಪ್ಪಿಗೆ ಪಡೆದಿದ್ದೆ. ಯಾರ ಮುಖವನ್ನೂ ತೋರಿಸುವುದಿಲ್ಲ, ಕೈಗಳನ್ನು ಮಾತ್ರ ಚಿತ್ರೀಕರಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಈ ಕೈಗಳ ಉಪಾಯ ನನಗೆ ಎಷ್ಟು ಲಾಭ ತಂದಿತೆಂದರೆ, ಇನ್ನು ಮುಂದೆ ಮುಖ ತೋರಿಸಬೇಕೆಂದು ಯಾರು ದುಡ್ಡು ಕೊಟ್ಟರೂ ತೋರಿಸುವುದಿಲ್ಲ. ಮುಖಕ್ಕೆ ಕ್ಯಾಮೆರಾ ಹಿಡಿದರೆ ಮಗು ಟಿವಿಯವರಂತೆ ಮಾತನಾಡುತ್ತದೆ. ಕೈಗೆ ಹಿಡಿದರೆ ಮನೆಯಲ್ಲಿ ಮಾತನಾಡಿದಂತೆ ಮಾತನಾಡುತ್ತದೆ. ತುಳುವಾಗಲಿ, ಹವ್ಯಕ ಕನ್ನಡವಾಗಲಿ, ಮಲಯಾಳವಾಗಲಿ, ನಿಮಗೆ ಬಂದದ್ದರಲ್ಲಿ ಹೇಳಿ, ಕೆಳಗೆ ಕನ್ನಡದ ಸಾಲು ನಾನು ಹಾಕಿಕೊಳ್ಳುತ್ತೇನೆ ಎಂದೆ.

ಹೋಗುವಾಗಲೇ ಹಳೆಯ ಅಭಿಮಾನಿಗಳ ಮಾತನ್ನು ದಾಖಲಿಸಿಕೊಂಡದ್ದು ಒಳ್ಳೆಯದಾಯಿತು. ಟ್ರೈಲರ್ ನೋಡಿ ಎಲ್ಲರೂ ಸಿಟ್ಟಾಗಿದ್ದರು. ಉಪ್ಪಳದಲ್ಲಿ ಮೊಬೈಲ್ ರಿಪೇರಿ ಮಾಡುವ, ಮನೆಯಲ್ಲಿ ಒಂದು ಕಪಾಟು ತುಂಬ ಟ್ರಾನ್ಸ್‌ಫಾರ್ಮರ್ಸ್ ಆಟಿಕೆ ಇಟ್ಟುಕೊಂಡಿರುವ ಒಬ್ಬರಂತೂ, “ಇದು ಮಕ್ಕಳ ತಮಾಷೆ. ಪೀಟರ್ ಕಲೆನ್ ಅವರ ಧ್ವನಿ ಇಲ್ಲದ ಆಪ್ಟಿಮಸ್ ನನಗೆ ಆಪ್ಟಿಮಸ್ಸೇ ಅಲ್ಲ. ಕ್ರಿಸ್ ಹೆಮ್ಸ್‌ವರ್ತ್ ಮಾತನಾಡಿದರೆ ಬೇರೆಯೇ ಯಾರೋ ಮಾತನಾಡಿದಂತೆ” ಎಂದರು. 1984ರಲ್ಲಿ ಆಟಿಕೆಯಾಗಿ ಹುಟ್ಟಿದ್ದು, 1986ರ ಆನಿಮೇಷನ್ ಚಿತ್ರದಲ್ಲಿ ಆಪ್ಟಿಮಸ್ ಸತ್ತಾಗ ಅಮೆರಿಕದ ಮಕ್ಕಳು ಚಿತ್ರಮಂದಿರದಲ್ಲೇ ಅತ್ತದ್ದು, ಮರುವರ್ಷ ಟಿವಿ ಸರಣಿಯಲ್ಲಿ ಅವನನ್ನು ಬದುಕಿಸಬೇಕಾಗಿ ಬಂದದ್ದು, ಎಲ್ಲ ಅವರಿಗೆ ಬಾಯಿಪಾಠ. ಅದಾದ ಮೇಲೆ ಚಿತ್ರಮಂದಿರಕ್ಕೆ ಬಂದ ಮೊದಲ ಪೂರ್ಣ ಆನಿಮೇಷನ್ ಟ್ರಾನ್ಸ್‌ಫಾರ್ಮರ್ಸ್ ಇದೇ ಆದ್ದರಿಂದ ನಿರೀಕ್ಷೆಯೂ ಅಷ್ಟೇ ದೊಡ್ಡದಿತ್ತು.

ಒಳಗೆ ಯಾರೂ ಮೊಬೈಲ್ ತೆಗೆದು ಚಿತ್ರೀಕರಿಸಕೂಡದೆಂದು ಮೊದಲೇ ಹೇಳಿದ್ದೆ. ಅದು ಅಪರಾಧ, ನಮ್ಮ ಕೆಲಸಕ್ಕೂ ಕಳಂಕ. ನಾನು ಮಾತ್ರ ಒಂದು ಚೀಟಿ, ಪೆನ್ಸಿಲು, ಕತ್ತಲಲ್ಲಿ ಮುಳ್ಳು ಹೊಳೆಯುವ ಕೈಗಡಿಯಾರ ಇಟ್ಟುಕೊಂಡು ನಗೆಯೆದ್ದಾಗ ಒಂದು ಗೀಟು, ಮೌನವಾದಾಗ ಒಂದು ಸೊನ್ನೆ ಹಾಕುತ್ತಾ ಹೋದೆ. ಇದು ಜೊತೆಜೊತೆಗೆ ನಡೆಸಿದ ನನ್ನದೊಂದು ಚಿಕ್ಕ ಪ್ರಯೋಗ. ಮೊದಲ ಮುಕ್ಕಾಲು ಗಂಟೆ ಚೀಟಿಯ ತುಂಬ ಗೀಟುಗಳೇ. ಐವತ್ತನೇ ಕೆಳಮಹಡಿಯ ಕಸದ ವಿಭಾಗದಲ್ಲಿ ಒಂಟಿಯಾಗಿ ಬೊಂಬೆಗಳೊಡನೆ ಮಾತನಾಡುವ ಬಿ-127 ಎಂಬ ರೋಬೋಟ್ ಬಂದಾಗ ಮಕ್ಕಳು ಕುರ್ಚಿಯಿಂದ ಜಾರುವಂತೆ ನಕ್ಕರು. ರೋಬೋಟುಗಳನ್ನು ಆಳುವ ಸೆಂಟಿನೆಲ್ ಪ್ರೈಮ್‌ನ ಮೋಸ ಬಯಲಾದ ಮೇಲೆ ಗೀಟು ನಿಂತಿತು. ಕೊನೆಯ ಭಾಗದಲ್ಲಿ ಸಾಲು ಸೊನ್ನೆ. ಟ್ರೈಲರಿನಲ್ಲಿ ತೋರಿಸಿದ್ದು ಬಹುಪಾಲು ಗೀಟುಗಳ ಭಾಗವನ್ನು. ಸೊನ್ನೆಗಳ ಭಾಗವನ್ನು ತೋರಿಸಿದ್ದರೆ ಹಳಬರು ಮೊದಲ ದಿನವೇ ಬರುತ್ತಿದ್ದರು ಎನ್ನುವುದು ನನ್ನ ಅಭಿಪ್ರಾಯ. ನಾವು ಹೋದಾಗ ಅರ್ಧಕ್ಕಿಂತ ಹೆಚ್ಚು ಕುರ್ಚಿಗಳು ಖಾಲಿ ಇದ್ದವು. ಇಷ್ಟು ಒಳ್ಳೆಯ ಚಿತ್ರಕ್ಕೆ ಅದು ಅನ್ಯಾಯ.

ಹಿಂದಿರುಗುವಾಗ ಹೆದ್ದಾರಿಯಲ್ಲಿ ಏನನ್ನೂ ದಾಖಲಿಸಲಿಲ್ಲ. ಟ್ರಾವೆಲರಿನ ಗಾಜಿನ ಗಡಗಡ, ರಾಷ್ಟ್ರೀಯ ಹೆದ್ದಾರಿ 66ರ ಕಾಮಗಾರಿಯ ಧೂಳು, ಗಾಳಿ ಎಲ್ಲ ಸೇರಿ ಕಾಲರ್ ಮೈಕಿನಲ್ಲಿ ಬರೀ ಸದ್ದು ಬರುತ್ತದೆಂದು ನಿಮಗೂ ಗೊತ್ತು. ಒಂಬೈನೂರು ರೂಪಾಯಿಯ ಮೈಕಂತೂ ಇಂಥಲ್ಲಿ ದಂಡ. ಈಗ ಬಳಸುವ ಜೋಡಿ ಮೂರು ಸಾವಿರ ಚಿಲ್ಲರೆ, ರೋಮದ ಟೊಪ್ಪಿ ಹಾಕಿದರೆ ಸಾಧಾರಣ ಗಾಳಿಯನ್ನು ತಡೆಯುತ್ತದೆ. ಹೊಸಂಗಡಿ ಕಳೆದು ಪರಿಚಯದ ಹೋಟೆಲೊಂದರ ಹಿಂದಿನ ಕೋಣೆಯನ್ನು ಮಾತಾಡಿಟ್ಟಿದ್ದೆ. ಗೋಳಿಬಜೆ, ಚಹಾ, ಮಕ್ಕಳಿಗೆ ಬಾದಾಮಿ ಹಾಲು. ಸಾವಿರದ ಇನ್ನೂರು ಆಗಿರಬೇಕು. ಹೊಟ್ಟೆ ತುಂಬುವ ಮೊದಲು ಮೈಕ್ ಹೊರತೆಗೆಯಬಾರದು. ತೆಗೆದ ಮೇಲೆ ಮೊದಲಿಗ ಮಾತಾಡುವಂತೆ ಮಾಡುವುದಕ್ಕೆ ನನ್ನದೊಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ.

ಕೇಳಿದ್ದು ಒಂದೇ ಪ್ರಶ್ನೆ, ಹದಿನೆಂಟು ಜನರಿಗೂ: ಡಿ-16 ಯಾವ ಗಳಿಗೆಯಲ್ಲಿ ಗೆಳೆಯನಾಗಿ ಉಳಿಯಲಿಲ್ಲ?

ಚಿತ್ರ ಇಷ್ಟವಾಯಿತೋ ಇಲ್ಲವೋ ಎಂದು ಕೇಳಿದ್ದರೆ ಐದು ನಿಮಿಷಕ್ಕೆ ಮುಗಿಯುತ್ತಿತ್ತು. ಈ ಪ್ರಶ್ನೆಗೆ ಒಂದೂಕಾಲು ಗಂಟೆ ಸಾಲಲಿಲ್ಲ. ಏಳನೇ ತರಗತಿಯ ಹುಡುಗಿಯೊಬ್ಬಳು, ಓರಿಯನ್ ಬೀಳುತ್ತಿರುವಾಗ ಹಿಡಿದ ಕೈಯನ್ನು ಬಿಟ್ಟನಲ್ಲ, ಅಲ್ಲಿ ಎಂದಳು. ಹೆಚ್ಚಿನವರು ಹೌದೆಂದರು. ಅಷ್ಟರಲ್ಲಿ ಮೂಲೆಯಿಂದ ಇನ್ನೊಬ್ಬ, “ಅಲ್ಲ, ಅದಕ್ಕಿಂತ ಮೊದಲೇ. ಓರಿಯನ್ ಅಡ್ಡ ಬಂದದ್ದು ಇವನು ಸೆಂಟಿನೆಲ್‌ಗೆ ಗುಂಡು ಹೊಡೆದಾಗ. ಕೊಲ್ಲಲು ಹೊರಟಾಗಲೇ ಮುಗಿದಿತ್ತು” ಎಂದ. ಹಳೆಯ ಅಭಿಮಾನಿಯೊಬ್ಬರು, ತಮ್ಮೆಲ್ಲರ ಎದೆಯಿಂದ, ರೂಪ ಬದಲಿಸಲು ಬೇಕಾದ ಕಾಗ್ ಎಂಬ ಭಾಗವನ್ನು ಕಿತ್ತುಕೊಂಡವನು ತಾವು ದೇವರೆಂದು ನಂಬಿದ್ದ ಸೆಂಟಿನೆಲ್ಲೇ ಎಂದು ತಿಳಿದ ಗಳಿಗೆಯಲ್ಲಿ ಓರಿಯನ್‌ಗೆ ಬಂದದ್ದು ದುಃಖ, ಡಿ-16ಗೆ ಬಂದದ್ದು ರೋಷ, ಅಲ್ಲೇ ದಾರಿ ಕವಲೊಡೆಯಿತು ಎಂದು ವಾದಿಸಿದರು.

ಐದನೇ ತರಗತಿಯ ಹುಡುಗನೊಬ್ಬ ಬಹಳ ಹೊತ್ತು ಮಾತನಾಡಲಿಲ್ಲ. ನನ್ನ ಕ್ಯಾಮೆರಾ ಅವನ ಕೈಯ ಮೇಲೆಯೇ ಇತ್ತು. ನೀರಿನ ಬಾಟಲಿಗೆ ಅಂಟಿಸಿದ್ದ ಯಾವುದೋ ಕ್ರಿಕೆಟಿಗನ ಸ್ಟಿಕ್ಕರಿನ ಒಂದು ತುದಿಯನ್ನು ಉಗುರಿನಿಂದ ಎಬ್ಬಿಸುವುದು, ಮತ್ತೆ ಹೆಬ್ಬೆರಳಿನಿಂದ ಒತ್ತಿ ಅಂಟಿಸುವುದು, ಮತ್ತೆ ಎಬ್ಬಿಸುವುದು. ಕೊನೆಗೆ, “ಅಣ್ಣಾ, ಸ್ಟಿಕ್ಕರು” ಎಂದ. “ಮೊದಲಿಗೆ ಡಿ-16ಗೆ ಅವನ ನೆಚ್ಚಿನ ವೀರ ಮೆಗಾಟ್ರೋನಸ್ ಪ್ರೈಮ್‌ನ ಸ್ಟಿಕ್ಕರ್ ಕೊಟ್ಟದ್ದು ಓರಿಯನ್. ಆಮೇಲೆ ಸೆಂಟಿನೆಲ್ ಅದೇ ಚಿತ್ರವನ್ನು ಡಿ-16ನ ಎದೆಯಲ್ಲಿ ಸುಟ್ಟು ಮೂಡಿಸಿದ. ಗೆಳೆಯ ಕೊಟ್ಟದ್ದು ಹೋಯಿತು, ಶತ್ರು ಕೊಟ್ಟದ್ದು ಉಳಿಯಿತು. ಅಲ್ಲಿ.”

ಕೋಣೆಯಲ್ಲಿದ್ದ ದೊಡ್ಡವರು ಯಾರೂ ಅದನ್ನು ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ. ಎರಡೂವರೆ ನಿಮಿಷದ ಆ ತುಣುಕಿನಲ್ಲಿ ಬಾಟಲಿ, ಸ್ಟಿಕ್ಕರು, ಒಂದು ಉಗುರು ಮಾತ್ರ ಇವೆ. ನಾನು ಇದುವರೆಗೆ ಮಾಡಿದ್ದರಲ್ಲಿ ಅದನ್ನೇ ಜನ ಹೆಚ್ಚು ನೋಡಿದ್ದಾರೆ, ಈಗ ಅರುವತ್ತು ಸಾವಿರ ದಾಟಿರಬೇಕು. ಯಾವ ನಾಯಕನ ಚಿತ್ರದ ಬಾಗಿಲಲ್ಲಿ ಯಾರಿಗೆ ಇಂಥದ್ದು ಸಿಕ್ಕಿದೆ, ಹೇಳಿ.

ನಮ್ಮ ಜೊತೆ ಬಂದಿದ್ದ ಹವ್ಯಾಸಿ ಯಕ್ಷಗಾನ ವೇಷಧಾರಿಯೊಬ್ಬರ ಮಾತನ್ನೂ ಪೂರ್ತಿ ಉಳಿಸಿಕೊಂಡಿದ್ದೇನೆ. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಕ್ಕೆ, ಬಣ್ಣ ಹಚ್ಚುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಮುಖದ ಮೇಲೆ ಅಕ್ಕಿಹಿಟ್ಟು ಸುಣ್ಣದ ಬಿಳಿ ಚುಟ್ಟಿ ಇಡುತ್ತಾರೆ, ಪ್ರೇಕ್ಷಕನಿಗೆ ಸಿಗುವುದು ಮುಗಿದ ರಾಕ್ಷಸ. ಇಲ್ಲಿ ಚುಟ್ಟಿ ಇಡುವುದನ್ನೇ ರಂಗದ ಮೇಲೆ ತೋರಿಸಿದ್ದಾರೆ, ಹಳದಿ ಕಣ್ಣು ಕೆಂಪಾಗುವವರೆಗೆ ಒಂದೊಂದೇ ಎಳೆ ಎಂದರು. ಉಪ್ಪಳದವರು ಮಾತ್ರ ಕೊನೆಯವರೆಗೂ ಸುಮ್ಮನಿದ್ದರು. ಕೊನೆಗೆ ನಾನೇ ಧ್ವನಿಯ ಬಗ್ಗೆ ಕೇಳಿದೆ. “ಅವನು ಇನ್ನೂ ಆಪ್ಟಿಮಸ್ ಆಗಿರಲಿಲ್ಲವಲ್ಲ, ಆ ಧ್ವನಿ ಬರುವುದಾದರೂ ಹೇಗೆ? ಕೊನೆಯಲ್ಲಿ ನಾಯಕತ್ವದ ಮ್ಯಾಟ್ರಿಕ್ಸ್ ಪಡೆದು ಎದ್ದಾಗ ಧ್ವನಿ ಇಳಿಯಿತು, ಕೇಳಿದಿರಾ? ನನಗೆ ಸಾಕು” ಎಂದರು. ಬೆಳಿಗ್ಗೆ ಹೇಳಿದ್ದನ್ನೂ ಇದನ್ನೂ ಬೆನ್ನುಬೆನ್ನಿಗೆ ಜೋಡಿಸಿದೆ, ನಡುವೆ ಸಂಗೀತ ಹಾಕಲಿಲ್ಲ. ಚಿತ್ರದ ಒಂದು ದೃಶ್ಯವನ್ನೂ ಬಳಸಲಿಲ್ಲ. ಹಾಗಾಗಿ ಈ ಸಲ ಹಕ್ಕುಸ್ವಾಮ್ಯದ ದೂರಿಗೆ ದಾರಿಯೇ ಇರಲಿಲ್ಲ.

ಇನ್ನೊಂದು ಪ್ರಯೋಗವೂ ನಡೆಯಿತು. ನೀರ್ಚಾಲಿನ ಇಬ್ಬರು ಮಕ್ಕಳಿಗೆ ರೂಪ ಬದಲಿಸುವ ರೋಬೋಟ್ ತಾವೇ ಮಾಡಬೇಕೆಂದು ಹಟ ಹುಟ್ಟಿತು. ರಟ್ಟಿನಲ್ಲಿ ಮಾಡಿದ್ದು ಮಡಿಕೆಯಲ್ಲಿ ಹರಿಯಿತು. ಅಡಿಕೆ ಹಾಳೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಬೇಕಾದಂತೆ ಬಗ್ಗಿಸಿ, ಕಲ್ಲು ಹೇರಿ ಒಣಗಿಸಿದರೆ ಆಕಾರ ಬಿಡುವುದಿಲ್ಲ. ಕೀಲಿಗೆ ಸೈಕಲ್ ಟ್ಯೂಬಿನ ಪಟ್ಟಿ. ಬಸ್ಸು ಎದ್ದು ನಿಂತು ಎರಡು ಕಾಲಿನ ರೋಬೋಟ್ ಆಗುತ್ತದೆ. ಕಾಲು ಮಾತ್ರ ಇನ್ನೂ ಓಲಾಡುತ್ತದೆ, ಒಳಗೆ ಬಿದಿರಿನ ಸಲಾಕೆ ಕೊಟ್ಟು ನೋಡಲು ಹೇಳಿದ್ದೇನೆ. ಇದನ್ನು ಮಾಡುವ ವೀಡಿಯೊಗೂ ಹತ್ತು ಹನ್ನೆರಡು ಸಾವಿರ ನೋಟ ಬಂದಿದೆ.

ಲೆಕ್ಕ ಕೇಳುವವರಿಗೆ: ಜಾಹೀರಾತಿನಿಂದ ಎರಡು ಸಾವಿರಕ್ಕೆ ಸ್ವಲ್ಪ ಹೆಚ್ಚು ಬಂತು. ಸಾವಿರ ಚಂದಾದಾರರು, ವರ್ಷಕ್ಕೆ ನಾಲ್ಕು ಸಾವಿರ ಗಂಟೆಯ ವೀಕ್ಷಣೆ ಎಂಬ ಯೂಟ್ಯೂಬಿನ ಹೊಸಿಲನ್ನು ನಾನು ಮೊದಲೇ ದಾಟಿದ್ದೆ. ಇಲ್ಲದಿದ್ದರೆ ಅದೂ ಇರುತ್ತಿರಲಿಲ್ಲ. ಟ್ಯೂಷನ್ ಕೇಂದ್ರವೊಂದು ಕೊನೆಯಲ್ಲಿ ಹೆಸರು ಹಾಕಲು ಮೂರು ಸಾವಿರ ಕೊಟ್ಟಿತು. ಎಲ್ಲ ಕಳೆದು ನನಗೆ ನಷ್ಟವಾದದ್ದು ಒಂದು ಸಾವಿರದ ಹತ್ತಿರ. ಅದಕ್ಕೆ ಪ್ರತಿಯಾಗಿ ಎರಡು ಶಾಲೆಗಳು ವಾರ್ಷಿಕೋತ್ಸವದ ಚಿತ್ರೀಕರಣಕ್ಕೆ ಮುಂಗಡ ಕೊಟ್ಟಿವೆ, ಕೈಗಳ ವೀಡಿಯೊ ಮಾಡಿದವರು ನೀವೇ ಅಲ್ಲವೇ ಎಂದು ಕೇಳಿಕೊಂಡು ಬಂದು.

ಮುಂದಿನ ಆನಿಮೇಷನ್ ಚಿತ್ರಕ್ಕೆ ಮುಳ್ಳೇರಿಯ, ಅಡೂರಿನ ಕಡೆಯವರನ್ನು ಕರೆದುಕೊಂಡು ಹೋಗಬೇಕೆಂದಿದ್ದೇನೆ. ಆ ದಾರಿಗೆ ವಾಹನದ ಬಾಡಿಗೆ ಏಳು ಸಾವಿರದವರೆಗೆ ಹೇಳುತ್ತಿದ್ದಾರೆ. ಇನ್ನೂ ಚೌಕಾಸಿ ನಡೆಯುತ್ತಿದೆ.