ಅಡಿಕೆ ಗೋಣಿಗಳ ನಡುವೆ ಒಂದು ಆಲ್ಬಮ್: ನನ್ನ ಅನುಭವ

ನನ್ನ ಅಣ್ಣನ ಹದಿನಾರರ ಮಗಳು ತಾನೇ ಬರೆದು ಪಿಸುದನಿಯಲ್ಲಿ ಹಾಡುವ ಕನ್ನಡ ಹಾಡುಗಳನ್ನು ಕಾಸರಗೋಡಿನ ಬದಿಯಡ್ಕದ ಕಡೆಯ ನಮ್ಮ ಹಂಚಿನ ಮನೆಯಲ್ಲಿ ಧ್ವನಿಮುದ್ರಿಸಿ ಆಲ್ಬಮ್ ಮಾಡುತ್ತೇನೆಂದಾಗ, ಸ್ಟುಡಿಯೋ ನಡೆಸುವ ನನ್ನ ಮಿತ್ರರಲ್ಲಿ ನಕ್ಕವರೇ ಹೆಚ್ಚು. ಈಗ ಅವರೇ ಫೋನ್ ಮಾಡಿ, ದನಿ ಅಷ್ಟು ಹತ್ತಿರದಲ್ಲಿ ಕೇಳಿಸುವುದು ಹೇಗೆಂದು ವಿಚಾರಿಸುತ್ತಿದ್ದಾರೆ.

ನನ್ನ ಧೈರ್ಯಕ್ಕೆ ಆಧಾರ ಅಮೆರಿಕದ ಗಾಯಕಿ ಬಿಲ್ಲಿ ಐಲಿಷ್. 2015ರಲ್ಲಿ, ಹದಿಮೂರರ ವಯಸ್ಸಿನಲ್ಲಿ ಸೌಂಡ್‌ಕ್ಲೌಡ್ ಎಂಬ ಸಂಗೀತ ಜಾಲತಾಣಕ್ಕೆ ಏರಿಸಿದ ಒಂದು ಹಾಡಿನಿಂದ ಗುರುತಾದ ಆಕೆಯ ಮೊದಲ ಆಲ್ಬಮ್ 2019ರ ಮಾರ್ಚ್‌ನಲ್ಲಿ ಬಂತು; ಅದರ ಬಹುಪಾಲು ಮುದ್ರಣ ನಡೆದದ್ದು ಲಾಸ್ ಏಂಜಲೀಸ್‌ನ ಮನೆಯಲ್ಲಿ, ಅಣ್ಣ ಫಿನಿಯಸ್‌ನ ಮಲಗುವ ಕೋಣೆಯಲ್ಲಿ. ಮರುವರ್ಷ ಗ್ರ್ಯಾಮಿಯ ನಾಲ್ಕೂ ಪ್ರಮುಖ ಪ್ರಶಸ್ತಿಗಳು ಆಕೆಯ ಪಾಲಾದವು. ಎಲ್ಲರೂ ಆ ಕೋಣೆಯ ಬಗ್ಗೆ ಮಾತಾಡಿದರು. ನಾನು ಗಮನಿಸಿದ್ದು, ಮೈಕ್‌ಗೆ ತೀರಾ ಸಮೀಪ ನಿಂತು ಮೆಲ್ಲಗೆ ಹಾಡಿ, ಹಲವು ಟೇಕ್‌ಗಳಿಂದ ಪದ ಪದವಾಗಿ ಆಯ್ದು ಜೋಡಿಸುವ ಕ್ರಮವನ್ನು.

ಯಕ್ಷಗಾನದ ಭಾಗವತಿಕೆ ಕೇಳಿ ಬೆಳೆದ ನಮ್ಮ ಕಡೆಯಲ್ಲಿ ಕಂಠವೆಂದರೆ ಚೆಂಡೆಯನ್ನೂ ಮೀರಬೇಕು. ಮೊದಲು ಪೇಟೆಯ ಒಂದು ಸ್ಟುಡಿಯೋದಲ್ಲಿ ಎರಡು ಹಾಡಿಗೆ ಹದಿನೆಂಟು ಸಾವಿರದ ಹತ್ತಿರ ಸುರಿದೆವು. ಅಲ್ಲಿಯವರು ಬಾಯಿಬಿಟ್ಟು ಹಾಡಿಸಿದ್ದರಿಂದ, ಹಿಂದಿರುಗುವಾಗ ಅಣ್ಣನ ಮಗಳು, "ಅಪ್ಪಚ್ಚಿ, ದೊಡ್ಡಕೆ ಹಾಡಿರೆ ಅದು ಎನ್ನ ಪದ್ಯ ಅಲ್ಲ" ಎಂದಳು. ಆ ಎರಡನ್ನೂ ಕೈಬಿಟ್ಟೆವು.

ಮನೆಯಲ್ಲಿ ಮಳೆಗಾಲವಿಡೀ ಹಂಚಿನ ಸದ್ದು, ಮಳೆ ಬಿಟ್ಟ ಮೇಲೆ ರಾತ್ರಿಯ ಜೀರುಂಡೆ. ಜೀರುಂಡೆಯ ದನಿ 'ಸ', 'ಶ'ಗಳ ಆವರ್ತನದಲ್ಲೇ ಕೂರುವುದರಿಂದ, ಪ್ಲಗಿನ್ (ಸದ್ದು ತಿದ್ದುವ ತಂತ್ರಾಂಶ) ಹಾಕಿ ಅದನ್ನು ತೆಗೆದರೆ ಹುಡುಗಿ ತೊದಲಿದಂತೆ ಕೇಳುತ್ತಿತ್ತು. ಕೊನೆಗೆ ಒದಗಿದ್ದು ಮರದ ಮುಚ್ಚಿಗೆಯಿರುವ ಅಡಿಕೆ ಕೋಣೆ. ಮೂರು ಬದಿಗೆ ಚಾಲಿ (ಒಣಗಿಸಿ ಸುಲಿದ ಅಡಿಕೆ) ಗೋಣಿ, ಅವುಗಳ ಮೇಲೆ ಹಾಸಿಗೆ, ತೋಟದ ಪಂಪು ನಿಂತಿರುವ ಮಧ್ಯಾಹ್ನದ ಹೊತ್ತು. ಚಾರ್ಜರ್ ಕಿತ್ತು ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಕೆಲಸ ಮಾಡಿದಾಗ, ಹಳೆಯ ವೈರಿಂಗ್‌ನಿಂದ ಬರುತ್ತಿದ್ದ ಗುಂಯ್ ಸದ್ದೂ ಹೋಯಿತು. ಮೈಕ್, ಅದನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಇಂಟರ್‌ಫೇಸ್, ಹೆಡ್‌ಫೋನ್ ಎಲ್ಲ ಸೇರಿ ಮೂವತ್ತು ಸಾವಿರ ದಾಟಿರಲಿಕ್ಕಿಲ್ಲ.

ಅರ್ಧ ಆಲ್ಬಮ್ ಆಗುವಷ್ಟರಲ್ಲಿ ಧಾರಣೆ ಏರಿತೆಂದು ಅಣ್ಣ ಅಡಿಕೆ ಮಾರಿದ. ಕೋಣೆ ಬೋಳಾಗಿ, ಹೊಸ ಟೇಕ್‌ಗಳು ಹಳೆಯವಕ್ಕೆ ಹೊಂದಲಿಲ್ಲ. ಖಾಲಿ ಗೋಣಿಗಳಿಗೆ ಒಣಗಿದ ಅಡಿಕೆ ಸಿಪ್ಪೆ ತುಂಬಿ ಮೂಲೆಗಳಲ್ಲಿ ಒಟ್ಟಿದೆ. ನಾರಿನ ನಡುವೆ ಗಾಳಿಯಾಡುವ ಸಿಪ್ಪೆ, ಗಟ್ಟಿ ಅಡಿಕೆಗಿಂತ ಚೆನ್ನಾಗಿ ಸದ್ದು ಹೀರಿತು. ಹೀಗಾಗಿ ಮೊದಲಿನ ಹಾಡುಗಳನ್ನೇ ಮತ್ತೆ ಹಾಡಿಸಬೇಕಾಯಿತು. ಐಲಿಷ್ ಸಿಡ್ನಿಯ ಪಾದಚಾರಿ ಸಿಗ್ನಲ್ಲಿನ ಸದ್ದನ್ನು ಹಾಡಿಗೆ ಬಳಸಿದ್ದು ನೆನಪಾಗಿ, ಸುಲಿದ ಅಡಿಕೆ ಬುಟ್ಟಿಗೆ ಬೀಳುವ ಸದ್ದನ್ನು ಸ್ನೇರ್ ಡ್ರಮ್ಮಿನ ಜಾಗದಲ್ಲಿ ಇಟ್ಟು ನೋಡಿದೆ. ಒಂದು ಹಾಡಿಗೆ ಒಪ್ಪಿತು, ಉಳಿದವುಗಳಲ್ಲಿ ಗೊಬ್ಬರ ಚೀಲ ಎಳೆದಂತಿತ್ತು. ದನಿಯ ಕೆಳಗೆ ಬರಿಯ ಉಸಿರಿನ ಇನ್ನೊಂದು ಪದರ ಇದೆ. ಅದನ್ನು ಎಲ್ಲಿ, ಎಷ್ಟು ಇಡುತ್ತೇನೆಂಬುದು ಸದ್ಯಕ್ಕೆ ನನ್ನ ಬಳಿಯೇ ಇರಲಿ. ಮಾಸ್ಟರಿಂಗ್ ಎಂಬ ಕೊನೆಯ ಹಂತದಲ್ಲಿ ಹಾಡನ್ನು ಹಿಂಡಿ ಜೋರು ಮಾಡುವ ಗೋಜಿಗೆ ಹೋಗಲಿಲ್ಲ. ಜೋರಾದ ಹಾಡನ್ನು ಸ್ಪಾಟಿಫೈ ಹೇಗಿದ್ದರೂ ಮೈನಸ್ 14 ಲಫ್ಸ್‌ಗೆ (ಸದ್ದಿನ ಜೋರಿನ ಅಳತೆ) ಇಳಿಸುತ್ತದೆ.

ಹಾಡುಗಳನ್ನು ಒಂದೊಂದಾಗಿ ಬಿಟ್ಟು, ಮೂರನೆಯದು ಕಾಲೇಜು ಹುಡುಗರ ರೀಲ್ಸ್‌ಗೆ ಹತ್ತಿದ ಮೇಲೆ ಆಲ್ಬಮ್ ಇಳಿಸಿದೆವು. ಸ್ಟ್ರೀಮಿಂಗ್‌ನಿಂದ ಇದುವರೆಗೆ ಬಂದದ್ದು ಹನ್ನೆರಡು ಸಾವಿರದಷ್ಟು. ವೇದಿಕೆಗೆ ಕರೆದವರು ಒಂದು ಸಂಜೆಗೆ ಅದರ ಇಮ್ಮಡಿ ಕೊಡುತ್ತಾರೆ. ನಗರದ ಕಂಪನಿಯೊಂದು ಎಲ್ಲ ಹಕ್ಕುಗಳನ್ನೂ ಒಟ್ಟಿಗೆ ಕೇಳಿತು. 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಗೀತರಚನೆಕಾರರೂ ಸಂಯೋಜಕರೂ ತಮ್ಮ ರಾಯಲ್ಟಿಯ ಪಾಲನ್ನು ಆ ರೀತಿ ಬಿಟ್ಟುಕೊಡುವಂತಿಲ್ಲವೆಂದು ಬರೆದು ಕಳಿಸಿದ ಮೇಲೆ ಅವರ ಮಾತು ಮೆತ್ತಗಾಯಿತು. ಅಪ್ರಾಪ್ತರ ಒಪ್ಪಂದಕ್ಕೆ ನಮ್ಮ ಕಾನೂನಿನಲ್ಲಿ ಬೆಲೆಯೂ ಇಲ್ಲವಾದ್ದರಿಂದ, ಅವಳಿಗೆ ಹದಿನೆಂಟು ತುಂಬುವ ತನಕ ಯಾವ ಕಾಗದವೂ ಬೇಡವೆಂದು ಅಣ್ಣ ಅವರಿಗೆ ಹೇಳಿಬಿಟ್ಟಿದ್ದಾನೆ.